ಅತ್ತಿ ಮುಟ್ಟಿ ನೋಡಿದ ಮನೆ

ಹೆದ್ದಾರಿ ಅಗಲ ಮಾಡುವವರು ಕಣಗಲಾದಲ್ಲಿರುವ ನಮ್ಮ ಅತ್ತಿಯ, ಅಂದರೆ ಸೋದರತ್ತೆಯ, ಮನೆಗೋಡೆಗೆ ಕೆಂಪು ಗೆರೆ ಎಳೆದು ಹೋದ ವಾರವೇ ಇನ್ನೊಬ್ಬರು ಬಂದರು. ಹಳೆಯ ಮನೆಗಳನ್ನು ಬಿಚ್ಚಿ ತಂದು ಗೋಕಾಕದ ಹೊರಗಿನ ಬಯಲಿನಲ್ಲಿ ಮತ್ತೆ ನಿಲ್ಲಿಸುವ ವಸ್ತುಸಂಗ್ರಹಾಲಯದವರು. ಮನೆ ಹೇಗೂ ಹೋಗುತ್ತದೆ, ಕಂಬ, ತೊಲೆ, ಬಾಗಿಲು ನಮಗೆ ಕೊಡಿ, ಇದ್ದ ಹಾಗೆಯೇ ನಿಲ್ಲಿಸುತ್ತೇವೆ ಅಂದರಂತೆ. ಅತ್ತಿಯ ಗಂಡ, ನಮ್ಮ ಮಾಮಾ, ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಸಂಕೇಶ್ವರದಿಂದ ಹಳೆ ಕಟ್ಟಿಗೆ ಕೊಳ್ಳುವವನನ್ನೂ ಕರೆಸಿ ತೋರಿಸಿದ್ದರು.

ಅತ್ತಿ ಮೂಡಲಗಿಯಲ್ಲಿದ್ದ ನನಗೆ ಫೋನ್ ಮಾಡಿದಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಿನವರ ಬಾಯಿ ಮುಚ್ಚಿಸುವವಳು ಎಂದು ನಮ್ಮ ಬಳಗದಲ್ಲಿ ನನಗೊಂದು ಹೆಸರಿದೆ. ಅದು ಹೊಗಳಿಕೆಯಲ್ಲ.

"ನೀ ಎಲ್ಲಾರ ಮ್ಯಾಲೂ ಸಂಶೆ ಪಡತಿ. ಇವರ ಮ್ಯಾಲೂ ಒಂದಿಷ್ಟ ಪಟ್ಟ ನೋಡು, ಬಾ" ಅಂದಳು. ತನ್ನ ಮನೆ ಸುಳ್ಳಾಗಿ ನಿಲ್ಲುವುದಾದರೆ ಅದಕ್ಕಿಂತ ಒಲೆಗೆ ಹೋಗಲಿ ಎಂಬುದು ಅವಳ ಲೆಕ್ಕ.

ಗೋಕಾಕದಲ್ಲಿ ಇಬ್ಬರೂ ಕೂಡಿಕೊಂಡು ಹೋದೆವು. ಅಲ್ಲಿ ಆಗಲೇ ಒಂದು ಮನೆ ನಿಂತಿತ್ತು, ಹುಕ್ಕೇರಿ ಕಡೆಯ ಹೊಳೆದಂಡೆಯಿಂದ ತಂದದ್ದು. 'ಈ ದಂಡೆಗೆ ಮೊಟ್ಟಮೊದಲು ಬಂದು ನೆಲೆಸಿದ ಒಕ್ಕಲಿನ ಮನೆ' ಎಂದು ಬಾಗಿಲ ಬಳಿ ಫಲಕ. ನನಗೆ ಅಷ್ಟೇ ಸಾಕಿತ್ತು. ಮೊಟ್ಟಮೊದಲು ಅಂತ ಹೇಳಿದವರು ಯಾರು ಎಂದು ವ್ಯವಸ್ಥಾಪಕರನ್ನು ಕೇಳಿದೆ. 'ಊರವರು' ಅಂದರು. ಊರವರಲ್ಲಿ ಯಾರು? ಆ ಮನೆತನದವರೇ ಅಂತ ಕೊನೆಗೆ ಒಪ್ಪಿಕೊಂಡರು. ಗೆದ್ದೆ ಅಂದುಕೊಂಡು ಬಾಗಿಲಿನ ತಿರುಪುಮೊಳೆ ತೋರಿಸಿ, ಇವು ಹೊಸವಲ್ಲವೇ ಅಂದೆ. ಅವರು ನನ್ನನ್ನು ಬಾಗಿಲ ಹಿಂದಕ್ಕೆ ಕರೆದೊಯ್ದರು. ಹಳೆಯವು ತುಕ್ಕು ಹಿಡಿದಿದ್ದರಿಂದ ಬದಲಿಸಿದ್ದೇವೆ ಎಂದು ಚೀಟಿ ಅಂಟಿಸಿದ್ದರು. ಇಷ್ಟು ಪ್ರಾಮಾಣಿಕರಾಗಿ ಕಾಣುವವರ ಮೇಲೆ ನನಗೆ ಅನುಮಾನ ಇನ್ನೂ ಜಾಸ್ತಿ.

ಇತ್ತ ಅತ್ತಿ ಚಪ್ಪಲಿ ಹೊರಗೆ ಬಿಟ್ಟು, ಸುಮ್ಮನೆ ಒಳಗೆ ಹೋಗಿದ್ದಳು. ನಮ್ಮ ಕಡೆ ಹಳೆ ಮನೆಗಳಲ್ಲಿ ಮಂದಿಗೂ ದನಕ್ಕೂ ಒಂದೇ ತಲಬಾಗಿಲು. ಒಳಗೆ ಕಾಲಿಟ್ಟ ಕೂಡಲೇ ತಗ್ಗಿನಲ್ಲಿ ಗ್ವಾದಲಿ, ಎತ್ತು ಮೇವು ತಿನ್ನುವ ಜಾಗ. ಒಂದು ಮೆಟ್ಟಿಲು ಏರಿದರೆ ಮಂದಿ ಕೂರುವ ಪಡಸಾಲಿ. ಅತ್ತಿ ಪಡಸಾಲಿಯ ಕಂಬಕ್ಕೆ ಅಂಗೈ ಇಟ್ಟು ಕೆಳಗಿನಿಂದ ಮೇಲಕ್ಕೆ ಸವರಿದಳು. ಸೊಂಟದಿಂದ ಎದೆಯ ಮಟ್ಟದವರೆಗೆ ಕಂಬ ಎಣ್ಣೆ ಕುಡಿದಂತೆ ಮಿರಿಮಿರಿ ಅನ್ನುತ್ತಿತ್ತು. ಆಮೇಲೆ ಕೆಳಗಿಳಿದು ಗ್ವಾದಲಿಯ ಕಂಬ ಮುಟ್ಟಿದಳು. ಅದು ಒರಟೊರಟು.

"ಸಾಹೇಬ್ರ, ಈ ಮನ್ಯಾಗ ಎತ್ತ ಪಡಸಾಲ್ಯಾಗ ಕಟ್ಟತಿದ್ರೇನ್ರಿ?"

ಅವರು ನಕ್ಕರು. ಅತ್ತಿ ನಗಲಿಲ್ಲ. ಮೇವು ಮೆಲ್ಲುತ್ತ ನಿಂತ ಎತ್ತು ಕಂಬಕ್ಕೆ ಕುತ್ತಿಗೆ ತಿಕ್ಕುತ್ತದೆ, ದಿನಾ ತಿಕ್ಕಿ ತಿಕ್ಕಿ ಬಂದ ಹೊಳಪು ಇದು, ಮನುಷ್ಯರ ಬೆನ್ನು ಒರಗಿ ಬಂದದ್ದಲ್ಲ ಎಂದು ಹೇಳಿದಳು. ಅಂದರೆ ದನದ ಕಂಬಗಳು ಮೆಟ್ಟಿಲೇರಿ ಪಡಸಾಲಿಯಲ್ಲಿ ನಿಂತಿದ್ದವು.

ವ್ಯವಸ್ಥಾಪಕರು ಕಂಬ ನೋಡಿದರು, ಅತ್ತಿಯನ್ನು ನೋಡಿದರು. ಕಟ್ಟಿಗೆ ಎಲ್ಲ ಒಂದೇ ರಾಶಿಯಾಗಿ ಬಂದಿತ್ತಂತೆ. ಬಡಿಗರು ಹೊರಗಿನವರು, ಮನೆಯೊಳಗೆ ದನ ಕಟ್ಟಿದ್ದನ್ನು ಕಂಡವರಲ್ಲ. ಹೊಳೆಯುವ ಕಂಬ ಎದ್ದು ಕಾಣುವಲ್ಲಿ ಇರಲಿ ಎಂದು ನಿಲ್ಲಿಸಿದ್ದರು. "ಬಂದವರು ಅದಕ್ಕ ಒರಗಿ ಫೋಟೋ ತಗಸ್ಕೋತಾರ್ರಿ, ಅಕ್ಕಾರ" ಅಂದರು, ಸಣ್ಣ ದನಿಯಲ್ಲಿ.

ಫಲಕ, ತಿರುಪುಮೊಳೆ ಅಂತ ನಾನು ಕೂಗಾಡಿದ್ದೆಲ್ಲ ವ್ಯರ್ಥವಾಗಿತ್ತು. ಆ ಸಿಟ್ಟಿಗೆ ಈಗ ಅವರ ಮೇಲೆ ಬಿದ್ದೆ. ನಮ್ಮ ಮನೆಗೂ ಹೀಗೇ ಆಗುವುದಿಲ್ಲ ಎನ್ನಲು ಏನು ಆಧಾರ, ಕರಾರು ಬರೆದುಕೊಡಿ ಅಂದೆ. ಅತ್ತಿ ನನ್ನ ಮೊಣಕೈ ಹಿಡಿದಳು.

"ಏ ಯವ್ವಾ, ನಿನ್ನ ಕಾಗದಾ ಓದಿ ಕಂಬ ನಿಲ್ಲಂಗಿಲ್ಲ." ಆಮೇಲೆ ಅವರ ಕಡೆ ತಿರುಗಿ, "ಮೊದಲ ಈ ಮನಿ ಕಂಬ ತಮ್ಮ ತಮ್ಮ ಜಾಗಾಕ ಹೋಗಲಿ. ಆಮ್ಯಾಲೆ ನಮ್ಮ ಮನಿಗಿ ಬರ್ರಿ."

ಅವರು ಮಾಡುವುದಿಲ್ಲ ಎಂದು ನಾನು ಬಸ್ಸಿನಲ್ಲಿ ಘಟಪ್ರಭಾದವರೆಗೂ ವಾದಿಸಿದೆ. ಹೊರೆ ಹೊತ್ತ ಕಂಬ ಅದಲುಬದಲು ಮಾಡುವುದೆಂದರೆ ಛಾವಣಿ ಬಿಚ್ಚಬೇಕು, ಯಾರು ಬಿಚ್ಚುತ್ತಾರೆ? ಕಟ್ಟಿಗೆಯವನಿಗೇ ಕೊಡು, ಅವನಾದರೂ ಇತಿಹಾಸ ಉಳಿಸುತ್ತೇನೆ ಅನ್ನುವುದಿಲ್ಲ ಅಂದೆ. ಅತ್ತಿ ಕಿಟಕಿಯ ಹೊರಗೆ ಕಬ್ಬು ನೋಡುತ್ತಿದ್ದಳು. ಕೆಲವು ದಿನಕ್ಕೆ ಕಣಗಲಾದಲ್ಲಿ ಹೆದ್ದಾರಿಯವರು ಪಕ್ಕದ ಮನೆಯ ಗೋಡೆ ಕೆಡವಿದರು. ಮಾಮಾ ದಿನಾ ಒಂದೇ ಮಾತು ಕೇಳುತ್ತಿದ್ದರಂತೆ, ಏನ್ ಮಾಡತಿ ಅಂತ.

ಕೆಡವುವ ಸರದಿ ಅತ್ತಿಯ ಮನೆಗೆ ಬರುವ ಮೊದಲು, ಕಂಬ ಬದಲಿಸಿದ್ದೇವೆ, ಬಂದು ನೋಡಿ ಎಂದು ವ್ಯವಸ್ಥಾಪಕರ ಫೋನ್ ಬಂತು. ಮೊದಲ ಸಲ ಹೋದಾಗ ತೆಗೆದ ಕಂಬಗಳ ಫೋಟೋ ಫೋನಿನಲ್ಲಿ ಇಟ್ಟುಕೊಂಡೇ ಅತ್ತಿಯ ಜೊತೆ ಹೋದೆ. ಒರಟು ಕಂಬಕ್ಕೆ ಮೇಣ ತಿಕ್ಕಿ ಮೋಸ ಮಾಡಿರಬಹುದೆಂದು ಗ್ವಾದಲಿಯ ಕಂಬವನ್ನು ಉಗುರಿನಿಂದ ಕೆರೆದು ನೋಡಿದೆ. ಗಂಟು, ಬಿರುಕು ಎಲ್ಲ ಫೋಟೋದಲ್ಲಿ ಪಡಸಾಲಿಯ ಕಂಬಕ್ಕಿದ್ದವೇ. ಹಂಚು ಇನ್ನೂ ಪೂರ್ತಿ ಹೊದಿಸಿರಲಿಲ್ಲ, ಬಿಸಿಲು ಗ್ವಾದಲಿಗೆ ಬಿದ್ದಿತ್ತು.

ಅತ್ತಿ ಕಂಬ ಮುಟ್ಟಿ, ಕರಾರಿನ ಕಾಗದ ಎಲ್ಲಿ ಅಂದಳು. ನಾನು ಎರಡು ಸಲ ಓದಿದೆ. 'ಇದ್ದ ಹಾಗೆಯೇ' ಎಂಬಲ್ಲಿ ಬೆರಳಿಟ್ಟು, ಹೇಗಿತ್ತು ಅಂತ ತೀರ್ಮಾನಿಸುವವರು ಯಾರು ಎಂದು ಕೇಳಿದೆ. ವ್ಯವಸ್ಥಾಪಕರು ಪೆನ್ನು ತಗೊಂಡು ಅದರ ಮುಂದೆ 'ಮನೆಯೊಡತಿ ನಿಂತು ಹೇಳಿದಂತೆ' ಎಂದು ಸೇರಿಸಿದರು.

"ನಿಂತ ಅಲ್ರಿ, ಕುಂತ. ನನ್ನ ಮೊಣಕಾಲ ನೋವ ಐತಿ" ಅಂದಳು ಅತ್ತಿ, ಸಹಿ ಮಾಡುತ್ತ.