ಗೌರಿಯ ಕೊಂಬಿಗೆ ಕಟ್ಟಿದ ಫೋನು

ಮದ್ದೂರಿನಲ್ಲಿ ಮಗಳಿಗೆ ಹೆಣ್ಣುಮಗು ಹುಟ್ಟಿದೆ, ನನ್ನ ಮೊದಲ ಮೊಮ್ಮಗಳು! ನೋಡಲು ಹೊರಟು ಯಲಿಯೂರು ಸ್ಟೇಷನ್ನಿನಲ್ಲಿ ಕೂತಿದ್ದೆ. ಇನ್ನೇನು ರೈಲು ಬರಬೇಕು, ಯಜಮಾನರ ಫೋನು ಬಂತು.

"ಲೇ, ವಾಪಸ್ ಬಂದ್ಬುಡು. ಗೌರಿ ನನ್ ಕೈಗೆ ಒಂದ್ ತೊಟ್ಟು ಹಾಲೂ ಇಳಿಸ್ತಿಲ್ಲ."

ಗೌರಿ ನಮ್ಮ ಹಸು. ದಿನಾ ಮನೆಯ ಸುದ್ದಿಯೆಲ್ಲ ಹೇಳುತ್ತಾ ಹಾಲು ಕರೆಯುವವಳು ನಾನೇ. ಕರೆಯದೆ ಬಿಟ್ಟರೆ ಕೆಚ್ಚಲು ಬಾವು ಬರುತ್ತದೆ. ಮೊಮ್ಮಗಳನ್ನು ನೋಡುವುದು ತಪ್ಪಿತಲ್ಲ ಎಂದು ಕಣ್ಣೀರೇ ಬಂತು.

ಅದೇ ರೈಲಿಗೆ ಕಾಯುತ್ತಾ ಪಕ್ಕದಲ್ಲಿ ಕೂತಿದ್ದ ನಮ್ಮೂರಿನ ಮೆಕ್ಯಾನಿಕ್ ಸಾಹೇಬರು ಮಾತು ಕೇಳಿಸಿಕೊಂಡು ಫೋನು ಇಸಿದುಕೊಂಡರು. "ಯಜಮಾನ್ರೇ, ಸ್ಪೀಕರ್ ಹಾಕಿ ಫೋನ್ನ ಹಸಿನ ಕೊಂಬಿಗ್ ಕಟ್ಟಿ. ಅವ್ವ ಇಲ್ಲಿಂದ್ಲೇ ಮಾತಾಡ್ತಾರೆ."

"ಗೌರವ್ವಾ, ನಾನ್ ಕಣವ್ವ. ಮನೇಗ್ ಹೆಣ್ಮಗ ಬಂದದೆ! ನಮ್ ಜೇನ್ ಪೆಟ್ಗೆ ತುಪ್ಪ ನಿಮ್ಮಕ್ಕಂಗೆ ತಗೊಂಡ್ ಓಯ್ತಾವ್ನಿ. ನೀನೂ ಒಸಿ ಹಾಲ್ ಕೊಡವ್ವ."

ಅತ್ತಲಿಂದ ಒಂದು 'ಅಂಬಾ', ಆಮೇಲೆ ಬಕೆಟ್ಟಿಗೆ ಹಾಲು ಚೊರ್ ಚೊರ್ ಎಂದು ಬೀಳುವ ಸದ್ದು.

"ಬಂತ್ ಕಣೇ! ಮಾತ್ ನಿಲ್ಲಿಸ್ಬ್ಯಾಡ!"

ಅಷ್ಟರಲ್ಲಿ ರೈಲೂ ಬಂತು. ಸಾಹೇಬರು, ಅವರ ಹೊಟ್ಟೆ ತಣ್ಣಗಿರಲಿ, ನನ್ನ ಚೀಲ ಹೊತ್ತು ಕೈಹಿಡಿದು ಹತ್ತಿಸಿದರು. ನಾನು ಮಾತಾಡುತ್ತಲೇ ಇದ್ದೆ. ಎದುರು ಸೀಟಿನಲ್ಲಿದ್ದ ಹೆಂಗಸು, "ಯಾರ್ ಜೊತೆ ಅಜ್ಜಿ, ಅಷ್ಟೊಂದ್ ಮಾತು?" ಎಂದಳು.

"ಅವ್ರ್ ಕಿರೀ ಮಗಳ ಜೊತೆ ಕಣಮ್ಮ" ಎಂದರು ಸಾಹೇಬರು.