ಮಾವ ಹೊತ್ತುಕೊಂಡ ಸೋಲು

ಮೊನ್ನೆ ಹೊನ್ನಾಳಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡರು. ಆ ಘಾಟು ಮೂಗಿಗೆ ಬಡಿದಿದ್ದೇ ತಡ, ಚನ್ನಗಿರಿಯ ನಮ್ಮ ಎದುರುಮನೆ ಮಾವ ನೆನಪಾದರು. ಅವರ ಜಗಲಿಗೆ ಸದಾ ಅದೇ ವಾಸನೆ... ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಮಾವ ದೇಶದ ಫುಟ್‌ಬಾಲ್ ತಂಡದಲ್ಲಿ ಡಿಫೆಂಡರ್ ಆಗಿದ್ದವರು. ಗೋಲು ಹೊಡೆಯುವವರಲ್ಲ, ತಡೆಯುವವರು. ನಮ್ಮೂರ ಮಂದಿಗೆ ಅದು ಕೊನೆಗೂ ತಲೆಗೆ ಹೋಗಲಿಲ್ಲ. "ಎಷ್ಟು ಗೋಲು ಹೊಡ್ದೀರಿ?" ಅಂತ ಕೇಳೋದು, "ಒಂದೂ ಇಲ್ಲ" ಅಂದರೆ ಮುಸಿಮುಸಿ ನಗೋದು. ಅದೇ ತಂಡಕ್ಕೆ ಅವರು ಕೋಚ್ ಆದಾಗ ಮಾತ್ರ ಬಸ್‌ಸ್ಟ್ಯಾಂಡ್ ಎದುರು ದೊಡ್ಡ ಫ್ಲೆಕ್ಸ್ ಎದ್ದಿತು. ಅದರಲ್ಲೂ ಮಾವನದು ಒಂದು ಮುಖ, ಶುಭ ಕೋರುವವರದು ಹತ್ತಾರು!

ನಿರ್ಣಾಯಕ ಪಂದ್ಯ. ಡ್ರಾ ಆಗಿದ್ದರೂ ಸಾಕಿತ್ತು. ಕೊನೆ ಗಳಿಗೆಯಲ್ಲಿ ನಮ್ಮ ಡಿಫೆಂಡರ್ ಒಬ್ಬ ಜಾಗ ಬಿಟ್ಟು ಮುಂದೆ ಓಡಿದ. ಅವನ ಹಿಂದೆ ಖಾಲಿ ಬಯಲು. ಎದುರಾಳಿಗಳು ಗೋಲು ಹೊಡೆದರು. ಮಾವ ಟೀವಿಯವರ ಮುಂದೆ ನಿಂತು, ಅವನನ್ನು ಮುಂದೆ ಕಳಿಸಿದ್ದು ನಾನೇ ಅಂದುಬಿಟ್ಟರು. ಕೆಲಸ ಹೋಯಿತು.

ಅವರು ಊರಿಗೆ ಮರಳಿದಾಗ ಆ ಫ್ಲೆಕ್ಸ್ ತ್ಯಾವಣಿಗೆ ರಸ್ತೆಯಲ್ಲಿ ಹಾಸಿತ್ತು. ಮೇಲೆ ಮೆಕ್ಕೆಜೋಳ. ಆ ಫ್ಲೆಕ್ಸ್ ಹಾಕಿಸಿದ್ದವನೇ ಮಾವನ ಮುಖ ತುಳಿಯುತ್ತಾ ಕಾಳು ಹರವುತ್ತಿದ್ದ. ನನ್ನ ಮೈ ಉರಿದುಹೋಯಿತು. "ನಾಚಿಕೆ ಆಗಲ್ಲೇನ್ರೀ?" ಅಂತ ಜಗಳಕ್ಕೆ ನಿಂತೆ. ಮಾವ ನನ್ನ ತೋಳು ಹಿಡಿದು ಎಳೆದರು.

"ಬಿಡವ್ವಾ, ಜೋಳ ಒಣಗಾಕಾದ್ರೂ ಆತಲ್ಲ."

"ನೀವು ಅವ್ನಿಗೆ ಮುಂದೆ ಹೋಗು ಅಂದಿರಾಕೆ ಸಾಧ್ಯನೇ ಇಲ್ಲ ಮಾವ. ಖರೆ ಹೇಳ್ರಿ."

ಮಾವ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಹಿಂದೇ ನಿಂದ್ರು ಅಂದಿದ್ದೆ. ಆದ್ರೆ ಅವ್ನಿಗಿನ್ನೂ ಆಡೋ ವಯಸ್ಸೈತೆ. ನಂದು ಮುಗೀತು. ಯಾರಿಗೂ ಹೇಳಬ್ಯಾಡ, ನನ್ನಾಣೆ ಐತೆ."

ಮುಗೀತಂತೆ! ಅದೆಂಥ ದೊಡ್ಡತನವೋ, ನನಗಂತೂ ಇವತ್ತಿಗೂ ಅರಗಿಲ್ಲ. ಆಮೇಲೆ ಯಾವ ತಂಡವೂ ಅವರನ್ನು ಕರೆಯಲಿಲ್ಲ. "ಆಡ್ಸಾಕೆ ಬರದೋರು" ಅಂತ ಊರವರು ಹೋಟೆಲಿನಲ್ಲಿ ಅವರಿಗೆ ಕೇಳುವ ಹಾಗೇ ಮಾತಾಡುತ್ತಿದ್ದರು. ಮಾವ ಚಹಾ ಕುಡಿದು ಎದ್ದು ಬರುತ್ತಿದ್ದರು...

ಮಾವ ತೀರಿಕೊಂಡು ವರ್ಷವಾಗುತ್ತಾ ಬಂತು. ಆ ಆಟಗಾರ ಮಣ್ಣಿಗೂ ಬರಲಿಲ್ಲ. ಈಗ ಟೀವಿಯಲ್ಲಿ ಕೂತು ಆಟ ವಿವರಿಸುತ್ತಾನೆ. ಹೋದ ವಾರ ಆ ಪಂದ್ಯದ ಮಾತು ಬಂದಾಗ, "ಕೋಚ್ ಹೇಳಿದ ಹಾಗೆ ಆಡಿದೆ, ಅಷ್ಟೆ" ಅಂತ ನಕ್ಕ. ಥೂ, ಅವನ ಬಾಯಿಗೆ ಮಣ್ಣು ಹಾಕ!

ನಿಮ್ಮ ಆಣೆ ಮುರಿದಿದ್ದೇನೆ ಮಾವ, ಎಲ್ಲ ಬರೆದಿದ್ದೇನೆ. ಬೈಯಲು ನೀವಿಲ್ಲ.