ಪೂಜೆಯಾಗದೆ ಊಟವಿಲ್ಲ ಎಂದಿದ್ದೆ

ಭಕ್ತ ಬಂಧುಗಳೇ, ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ಏಳು ತಿಂಗಳ ಬಸುರಿ ಮಗಳನ್ನು ನಾನು ಉಪವಾಸ ಕೆಡವಿದೆ. ಅದೂ ಶಿವನ ಹೆಸರಿನಲ್ಲಿ.

ನಾನು ನರೇಗಲ್ಲಿನ ದರ್ಜಿ, ಹತ್ತನೆಯವರೆಗೆ ಓದಿದವನು. ಕಳೆದ ಶ್ರಾವಣದಲ್ಲಿ ಮಗಳು ಸುಮಂಗಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಂದವಳು ಮಾತಾಡಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗುವಳು, ಸುಮ್ಮಸುಮ್ಮನೆ ಅಳುವಳು. ಅಳಿಯ ಒಳ್ಳೆಯವನು, ಯಾವುದಕ್ಕೂ ಕೊರತೆಯಿಲ್ಲ. ಮತ್ತೇಕೆ? ಕೊರಳಲ್ಲಿ ಲಿಂಗವಿದ್ದರೂ ಅವಳು ಪೂಜೆ ಬಿಟ್ಟದ್ದು ಕಣ್ಣಿಗೆ ಬಿತ್ತು. ಕಾರಣ ಸಿಕ್ಕಿತು ಅಂದುಕೊಂಡೆ. ಇಷ್ಟಲಿಂಗ ಪೂಜೆಯಾಗದೆ ತುತ್ತು ಬಾಯಿಗಿಡುವ ರೂಢಿ ನಮ್ಮಲ್ಲಿಲ್ಲ. "ಮೊದಲ ಪೂಜಿ ಮಾಡು, ಆಮ್ಯಾಲ ಉಣ್ಣು" ಎಂದು ಹಟ ಹಿಡಿದೆ.

ಅಂಗೈಯಲ್ಲಿ ಲಿಂಗ ಹಿಡಿದು ಕೂರುವಳು. ಪೂಜೆ ಅರ್ಧಕ್ಕೇ ನಿಲ್ಲುವುದು. ಎದ್ದು ಹೋಗಿ ಉಣ್ಣದೆ ಮಲಗುವಳು.

"ಎಂಥಾ ನೇಮರೀ ನಿಮ್ದು! ಬಸರಿ ಹೆಣ್ಮಗಳ ಹೊಟ್ಟಿಗೂ ಟೇಪ ಹಿಡದು ಅಳೀತೀರೇನು?" ಎಂದು ನನ್ನ ಹೆಂಡತಿ ರೇಗಿದಳು.

ನಾನು ಬಗ್ಗಲಿಲ್ಲ. ಗಜೇಂದ್ರಗಡದ ಬಸ್ಸು ಹತ್ತಿದೆ. ಕಾಲಕಾಲೇಶ್ವರನ ಗುಡಿಯ ಮೆಟ್ಟಿಲೇರಿ, "ಇವಳ ಅಳು ನಿಲ್ಲಿಸಪ್ಪಾ" ಎಂದು ಬೇಡಿಕೊಂಡೆ. ಮರುದಿನ ಅವಳು ಅಳಲಿಲ್ಲ. ಆದರೆ ಕರೆದರೂ ತಿರುಗಲಿಲ್ಲ. "ನಾ ಇರಬಾರದಾಗಿತ್ತವ್ವಾ" ಎಂದು ತಾಯಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

ಅಂದೇ ರೋಣದ ದವಾಖಾನೆಗೆ ಕರೆದೊಯ್ದೆವು. ಅವಳ ತೂಕ ಇಳಿದಿತ್ತು. ಡಾಕ್ಟರಮ್ಮ ನನ್ನನ್ನು ಹೊರಗೆ ಕೂರಿಸಿ ಅವಳೊಂದಿಗೆ ಬಹಳ ಹೊತ್ತು ಮಾತಾಡಿದರು. ಇದು ಖಿನ್ನತೆ, ಬಸುರಿನಲ್ಲೂ ಬರುತ್ತದೆ, ಅವಳ ತಪ್ಪಲ್ಲ ಎಂದರು. ಮಾತ್ರೆ ಬರೆದರು, ವಾರಕ್ಕೊಮ್ಮೆ ಬರಹೇಳಿದರು. ಅಲ್ಲಿನ ನರ್ಸ್‌ಬಾಯಿ ಅವಳಿಗೆ ಹೊಟ್ಟೆ ಮೇಲೆ ಕೈಯಿಟ್ಟು ಉಸಿರನ್ನು ಗಮನಿಸುತ್ತ ಕೂರುವುದನ್ನು ಕಲಿಸಿದರು. ಕೆಟ್ಟ ಯೋಚನೆ ಬಂದರೆ ಅದರೊಡನೆ ಜಗಳ ಬೇಡ. ಬಂತು ಎಂದು ತಿಳಿದು ಮತ್ತೆ ಉಸಿರಿಗೆ ಮರಳಬೇಕು ಎಂದರು.

"ಇದಕ್ಕ ಮಂತ್ರ ಯಾವುದ್ರಿ?" ಎಂದೆ.

"ಮಂತ್ರ ಇಲ್ರಿ ಯಜಮಾನ್ರ. ನೀವೂ ಆಕಿ ಸಂಗಾಟ ಕೂಡ್ರಿ. ಆದ್ರ ಆಕಿ ಉಂಡ ಮ್ಯಾಲ."

ಮನೆಗೆ ಬಂದು ಅವಳು ಅರ್ಧ ರೊಟ್ಟಿ ತಿಂದ ಮೇಲೆ ಎದುರು ಕೂತೆ. ಮೂರನೆಯ ಉಸಿರಿಗೆ ನನ್ನ ಮನಸ್ಸು ಹೊಲಿಯದೆ ಉಳಿದ ರವಿಕೆಗಳಿಗೆ ಹೋಗಿತ್ತು. ನಲವತ್ತು ವರ್ಷದ ಪೂಜೆಯಲ್ಲೂ ಅದು ಅಲ್ಲೇ ಇತ್ತೆಂದು ಆಗ ಗೊತ್ತಾಯಿತು. ಕಣ್ಣು ತೆರೆದರೆ ಮಗಳು ಅಳುತ್ತಿದ್ದಳು. ಬಾಯಿಗೆ ಬಂದ ಬುದ್ಧಿಮಾತು ನುಂಗಿಕೊಂಡೆ.

ತುಸು ಹೊತ್ತಿಗೆ ಅವಳೇ, "ಅಪ್ಪಾ, ಪೂಜಿಗೆ ಕುಂತಾಗ ಕೂಸಿಗೆ ಏನರ ಆಗ್ತದಂತ ಹೆದರಿಕಿ ಬರ್ತಿತ್ತು. ಹೇಳಿದ್ರ ನೀ ಬೈತಿ ಅಂತ ಸುಮ್ನಿದ್ದೆ" ಎಂದಳು.

ದಿನಕ್ಕೆರಡು ಹೊತ್ತು ಹಾಗೆ ಕೂತೆವು. ಒಮ್ಮೆಲೇ ಏನೂ ಆಗಲಿಲ್ಲ. ಕೆಲವು ದಿನ ನಗುವಳು, ಕೆಲವು ದಿನ ಮತ್ತೆ ಗೋಡೆ. ಆದರೆ ಉಣ್ಣತೊಡಗಿದಳು. ದಿನ ತುಂಬಿ ಹೆಣ್ಣುಮಗು ಹುಟ್ಟಿತು. ಇಬ್ಬರೂ ಕ್ಷೇಮ.

ನಾನು ಬೇಡಿದ್ದು ಅಳು ನಿಲ್ಲಲೆಂದು. ಅವಳು ಉಳಿದದ್ದು ಅಳು ಮರಳಿ ಬಂದ ಮೇಲೆ. ಶಿವ ನನ್ನ ಮಾತು ಕೇಳಿದನೋ, ತಳ್ಳಿಹಾಕಿದನೋ? ಮಾತ್ರೆಯೋ, ಉಸಿರೋ, ನಾನು ಬಾಯಿ ಮುಚ್ಚಿದ್ದೋ? ಬಿಡಿಸಿ ನೋಡಲು ನನಗೆ ಬಾರದು. ಅವಳ ಸಂಕಟ ನನಗಿಂತ ಮೊದಲು ಅವನಿಗೆ ಗೊತ್ತಿತ್ತು ಎಂದಷ್ಟೇ ನಂಬಿದ್ದೇನೆ. ಆ ನಂಬಿಕೆ ಗಟ್ಟಿಯಾಗಿದೆ. ಅವನಿಗೂ ಆ ನರ್ಸ್‌ಬಾಯಿಗೂ ಶರಣು.

ನಾಳೆ ಮಗಳು ಗಂಡನ ಮನೆಗೆ ಹೊರಡುತ್ತಾಳೆ. ಅವಳ ಕ್ಷಮೆ ಇನ್ನೂ ಕೇಳಿಲ್ಲ. ಇದನ್ನು ಬರೆದಿಟ್ಟು ಒಳಗೆ ಹೋಗುತ್ತೇನೆ. ಕ್ಷಮೆ ಕೇಳುವ ಧೈರ್ಯವೊಂದನ್ನು ಕೊಡು ಶಿವಾ ಎಂದು ಈಗ ಬೇಡುತ್ತಿದ್ದೇನೆ.